ದ್ರಾಕ್ಷಿ ಬೆಳೆಯದ ಊರಿನ ವೈನ್

ಕೊಪ್ಪ, ಶೃಂಗೇರಿ, ಎನ್.ಆರ್.ಪುರ. ಈ ಮೂರು ತಾಲ್ಲೂಕಿನಲ್ಲಿ ಸುದ್ದಿ ಹುಡುಕಿಕೊಂಡು ಬೈಕಿನಲ್ಲಿ ತಿರುಗುವುದೇ ನಮ್ಮ ಕೆಲಸ. ಇಷ್ಟು ವರ್ಷದಲ್ಲಿ ಮಾರುವಷ್ಟು ದ್ರಾಕ್ಷಿ ಬೆಳೆದ ತೋಟ ಒಂದನ್ನೂ ನಾವು ನೋಡಿಲ್ಲ. ಆದರೆ ವೈನ್ ಮಾಡುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇವೆ. ಅವರ ಹೆಸರು ಈ ಬರಹದಲ್ಲಿ ಇರುವುದಿಲ್ಲ. ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ನಮ್ಮ ಕಡೆ ‘ವೈನ್ ಶಾಪ್’ ಅಂದರೆ ಬ್ರಾಂದಿ, ವಿಸ್ಕಿ, ರಮ್ಮು, ಬಿಯರು ಎಲ್ಲ ಸಿಗುವ ಅಂಗಡಿ. ಅಲ್ಲಿ ಕಮ್ಮಿ ಸಿಗುವುದು ಅಂದರೆ ವೈನ್ ಒಂದೇ. ಹಾಗಾಗಿ ವೈನ್ ಅಂದ ಕೂಡಲೇ ‘ಎಣ್ಣೆ’ ಅಂತ ಮುಖ ತಿರುಗಿಸುವವರು ಜಾಸ್ತಿ. ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಆ ಹುಳಿ ಬಂದ ರಸವೇ ವೈನ್. ಅದನ್ನು ಕಾಯಿಸಿ, ಆವಿಯನ್ನು ಹಿಡಿದು ತಣಿಸಿದರೆ ಮಾತ್ರ ಅದು ಭಟ್ಟಿ ಸಾರಾಯಿಯ ಜಾತಿಗೆ ಸೇರುತ್ತದೆ. ನಾವು ಇಲ್ಲಿ ಹೇಳುತ್ತಿರುವುದು ಕಾಯಿಸದ ವೈನಿನ ವಿಷಯ.

ದ್ರಾಕ್ಷಿ ನಮ್ಮಲ್ಲಿ ಯಾಕೆ ಬರುವುದಿಲ್ಲ? ಮಳೆ, ಇನ್ನೇನು. ಶೃಂಗೇರಿ ಕಡೆ ವರ್ಷಕ್ಕೆ 3,000 ಮಿ.ಮೀ. ದಾಟುವುದು ಹೊಸತಲ್ಲ. ದ್ರಾಕ್ಷಿ ಬೆಳೆಯುವ ವಿಜಯಪುರದಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಅಲ್ಲಿನ ಬಳ್ಳಿಗೆ ಚಳಿದೇಶದ ಬಳ್ಳಿಯ ಹಾಗೆ ಎಲೆ ಉದುರಿಸಿ ಮಲಗುವ ಚಳಿಗಾಲ ಇಲ್ಲ. ಅದಕ್ಕೆ ರೈತರು ವರ್ಷಕ್ಕೆ ಎರಡು ಸಲ ಚಾಟಣಿ ಮಾಡುತ್ತಾರೆ, ಅಂದರೆ ಬಳ್ಳಿ ಕತ್ತರಿಸುತ್ತಾರೆ. ಏಪ್ರಿಲ್‌ನಲ್ಲಿ ಒಮ್ಮೆ ಕಡ್ಡಿ ಬರಿಸುವುದಕ್ಕೆ, ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ ಹಣ್ಣು ಬರಿಸುವುದಕ್ಕೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಬಿಸಿಲಲ್ಲಿ ಹಣ್ಣು ಸಕ್ಕರೆ ಕಟ್ಟುತ್ತದೆ. ನಮ್ಮಲ್ಲಿ ಅದೇ ಬಳ್ಳಿ ನೆಟ್ಟರೆ ಜೂನ್ ತಿಂಗಳಲ್ಲೇ ಎಲೆಯಡಿ ಬಿಳಿ ಬೂಷ್ಟು ಹಿಡಿದು ಕಥೆ ಮುಗಿಯುತ್ತದೆ.

ಆ ಬೂಷ್ಟಿನ ವಿಷಯ ಬಂದದ್ದಕ್ಕೆ ಒಂದು ಕಥೆ ಹೇಳಲೇಬೇಕು. ಇದು ನಮ್ಮ ಅಡಿಕೆ ತೋಟದ ಕಥೆಯೂ ಹೌದು.

ಫ್ರಾನ್ಸ್ ದೇಶದಲ್ಲಿ ಬೋರ್ಡೋ ಅಂತ ಒಂದು ಊರು. ವೈನಿಗೆ ಪ್ರಪಂಚಕ್ಕೇ ಹೆಸರುವಾಸಿ. 1880ರ ಸುಮಾರಿಗೆ ಆ ಕಡೆಯ ತೋಟಗಳಿಗೆ ಇದೇ ಬೂಷ್ಟು ರೋಗ ಬಂತು. ಅದೇ ಹೊತ್ತಿಗೆ ಅಲ್ಲಿ ಇನ್ನೊಂದು ಕಾಟ: ದಾರಿಹೋಕರು ರಸ್ತೆ ಪಕ್ಕದ ಗೊಂಚಲುಗಳನ್ನು ಕಿತ್ತು ತಿನ್ನುವುದು. ಹೆದರಿಸುವುದಕ್ಕೆ ಅಂತ ಕೆಲವು ತೋಟದವರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚಿದರು. ವಿಷ ಹಾಕಿದ ಹಾಗೆ ಕಾಣಲಿ ಅಂತ. ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರ್ ಆ ದಾರಿಯಲ್ಲಿ ಹೋಗುವಾಗ ನೋಡಿದರು. ರಸ್ತೆ ಬದಿಯ ಬಳ್ಳಿಗಳ ಎಲೆ ಹಸಿರಾಗಿವೆ, ಒಳಗಿನವು ಉದುರಿವೆ. ಅವರು ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಬೋರ್ಡೋ ದ್ರಾವಣ ಹುಟ್ಟಿದ್ದು ಹಾಗೆ.

ಮುಂದಿನದು ನಿಮಗೆ ಗೊತ್ತಿರುವುದೇ. ಮೈಸೂರು ಸರ್ಕಾರದ ಕೆಲಸಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು. ಅಲ್ಲಿಯವರೆಗೆ ಕೊನೆಗೆ ಕೊಟ್ಟೆ ಕಟ್ಟುವುದೇ ನಮ್ಮವರಿಗೆ ಗೊತ್ತಿದ್ದ ಉಪಾಯ. ಕೋಲ್ಮನ್ ಅದೇ ದ್ರಾಕ್ಷಿ ತೋಟದ ಮದ್ದನ್ನು ಅಡಿಕೆ ಕೊನೆಗೆ ಹೊಡೆಸಿದರು. ದ್ರಾಕ್ಷಿಯ ಬೂಷ್ಟು, ಅಡಿಕೆಯ ಕೊಳೆ ಎರಡನ್ನೂ ತರುವ ಜೀವಿಗಳು ದಾಯಾದಿಗಳು. ಹಾಗಾಗಿ ಮದ್ದೂ ಒಂದೇ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಮಳೆಗಾಲದಲ್ಲಿ ಮರ ಹತ್ತಿದವರ ಅಂಗಿಯ ಮೇಲೆ ಕಾಣುವ ಆ ನೀಲಿ ಬಣ್ಣ ವೈನಿನ ಊರಿಂದ ಬಂದದ್ದು. ನಮ್ಮ ಕಣಿವೆಗೆ ವೈನ್ ಬರುವ ಮೊದಲೇ ವೈನ್ ತೋಟದ ಮದ್ದು ಬಂದು ನೂರು ವರ್ಷ ಆಗಿದೆ.

ವೈನ್ ಬರುವ ಮೊದಲು ಅಂದೆವಲ್ಲ, ಅದೂ ಪೂರ್ತಿ ಸರಿಯಲ್ಲ. ಹುಳಿ ಬರಿಸಿ ಕುಡಿಯುವುದು ನಮ್ಮಲ್ಲಿ ಯಾವಾಗಲೂ ಇತ್ತು. ಬಗನಿ ಮರದ ಕಳ್ಳು ಒಂದು. ಬೆಳಿಗ್ಗೆ ಇಳಿಸಿದಾಗ ಸಿಹಿ, ಮಧ್ಯಾಹ್ನಕ್ಕೆ ಹುಳಿ, ಯಾರೂ ಏನೂ ಸೇರಿಸುವುದು ಬೇಡ. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅವರ ಕಾದಂಬರಿ ಓದಿದವರಿಗೆ ಕಳ್ಳಂಗಡಿ ಹೊಸದಲ್ಲ. ಇವತ್ತು ಘಟ್ಟ ಇಳಿದು ಉಡುಪಿ ಜಿಲ್ಲೆಗೆ ಹೋದರೆ ಕಳ್ಳಿಗೆ ಲೈಸೆನ್ಸ್ ಇದೆ. ಘಟ್ಟದ ಮೇಲೆ ಇಲ್ಲ. ಬಗನಿ ಮರ ಏರುವ ವಿದ್ಯೆ ಗೊತ್ತಿದ್ದ ಹಿರಿಯರು ಈಗ ಜಗಲಿಯ ಮೇಲೆ ಕೂತಿದ್ದಾರೆ. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ.

ಇನ್ನೊಂದು, ಹೇಳಿದರೆ ಶೃಂಗೇರಿ ಕಡೆಯ ಕೆಲವರು ನಮ್ಮ ಮೇಲೆ ಸಿಟ್ಟಾಗಬಹುದು. ದ್ರಾಕ್ಷಾರಿಷ್ಟ. ಒಣದ್ರಾಕ್ಷಿಯ ಕಷಾಯ, ಬೆಲ್ಲ, ಧಾತಕಿ ಹೂವು ಹಾಕಿ ಬಾಯಿ ಮುಚ್ಚಿ ತಿಂಗಳಗಟ್ಟಲೆ ಇಡುವುದು. ಹುಳಿ ಬರುತ್ತದೆ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ, ತಾನಾಗಿ ಉಂಟಾದ ಆಲ್ಕೋಹಾಲ್ ಇದೆ ಅಂತ ಬರೆದಿರುತ್ತದೆ. ಬಾಣಂತಿಗೆ ಕೊಡುವ ದಶಮೂಲಾರಿಷ್ಟದ ಬಾಟಲಿ ಮನೆಯಲ್ಲಿದ್ದರೆ ತಿರುಗಿಸಿ ನೋಡಿ. ಕೊಪ್ಪದಲ್ಲೇ ಆಯುರ್ವೇದ ಕಾಲೇಜು ಇದೆ, ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಿದರೂ ಆಸವ, ಅರಿಷ್ಟ ಅಂದರೆ ಏನು ಅಂತ ವಿವರಿಸುತ್ತಾರೆ. ಅದು ಔಷಧಿ, ಚಮಚದ ಲೆಕ್ಕದಲ್ಲಿ ಕುಡಿಯುವುದು, ಒಪ್ಪಿದೆವು. ಆದರೆ ‘ನಮ್ಮ ಮನೆಗೆ ಹುಳಿ ಬಂದ ದ್ರಾಕ್ಷಿ ರಸ ಬರುವುದೇ ಇಲ್ಲ’ ಅಂತ ಯಾರಾದರೂ ಹೇಳಿದರೆ ಅವರ ಗೋಡೆ ಬೀರು ಒಮ್ಮೆ ನೋಡಬೇಕು ಅನ್ನಿಸುತ್ತದೆ.

ಈಗ ಭರಣಿಯ ವೈನಿಗೆ ಬರೋಣ.

ನಮ್ಮ ಮೂರು ತಾಲ್ಲೂಕಿನಲ್ಲಿ ಇದು ಹೆಚ್ಚು ಕಾಣುವುದು ಎನ್.ಆರ್.ಪುರ, ಬಾಳೆಹೊನ್ನೂರು ಕಡೆ. ಕೇರಳದಿಂದ ಬಂದು ರಬ್ಬರ್, ಮೆಣಸು, ಶುಂಠಿ ಹಾಕಿ ನೆಲೆ ನಿಂತ ಕ್ರೈಸ್ತ ಕುಟುಂಬಗಳ ಮನೆಗಳಲ್ಲಿ. ಅಲ್ಲಿ ಒಬ್ಬರು ಅಮ್ಮಚ್ಚಿ ಇದ್ದಾರೆ, ಎಂಬತ್ತರ ಹತ್ತಿರ ವಯಸ್ಸು. ಅಕ್ಕಪಕ್ಕದ ಗೌಡರ ಮನೆ ಮಕ್ಕಳೂ ಅವರನ್ನು ಅಮ್ಮಚ್ಚಿ ಅಂತಲೇ ಕರೆಯುವುದು. ಕ್ರಿಸ್‌ಮಸ್‌ಗೆ ಬೇಕೆಂದರೆ ಅಕ್ಟೋಬರಿನಲ್ಲೇ ಶುರು ಮಾಡಬೇಕು ಅನ್ನುವುದು ಅವರ ಲೆಕ್ಕ.

ಹಣ್ಣು ಸಂತೆಯಿಂದ ಬರುತ್ತದೆ, ಕಪ್ಪು ದ್ರಾಕ್ಷಿ. ಅದು ಬೆಂಗಳೂರು ಬ್ಲೂ ಅನ್ನುವ ತಳಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವುದು, ಭೌಗೋಳಿಕ ಗುರುತಿನ ಮಾನ್ಯತೆಯೂ ಅದಕ್ಕಿದೆ. ಸಿಪ್ಪೆ ದಪ್ಪ, ಬೀಜ ಉಂಟು, ಘಮ ಜೋರು. ಅಮ್ಮಚ್ಚಿ ಹಣ್ಣನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ಒಂದು ಹನಿ ನೀರಿಲ್ಲದ ಹಾಗೆ ಆರಿಸುತ್ತಾರೆ. ಕೈಯಲ್ಲೇ ಹಿಸುಕುವುದು, ಮಿಕ್ಸಿ ಕೂಡದು. ಬೀಜ ಒಡೆದರೆ ಕಹಿ. ಐದು ಕೆ.ಜಿ. ಹಣ್ಣಿಗೆ ಎರಡೂವರೆ ಕೆ.ಜಿ. ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚೂರು ಯೀಸ್ಟ್, ಹಿತ್ತಲಿನ ಲವಂಗ, ದಾಲ್ಚಿನ್ನಿ, ಏಲಕ್ಕಿ. ಭರಣಿಯನ್ನು ಮುಕ್ಕಾಲು ಮಾತ್ರ ತುಂಬುವುದು.

‘ಪೂರ್ತಿ ತುಂಬಿಸಿದ್ರೆ ಎಂಥ ಆಗ್ತದೆ ಅಮ್ಮಚ್ಚಿ?’ ಅಂತ ನಾವು ಕೇಳಿದೆವು.

‘ಉಕ್ಕಿ ನೆಲ ಎಲ್ಲ ಕುಡೀತದೆ, ನಮಗೆ ಉಳಿಯೋದಿಲ್ಲ’ ಅಂದರು.

ಉಕ್ಕುವುದು ಗ್ಯಾಸಿನಿಂದ. ಯೀಸ್ಟ್ ಸಕ್ಕರೆ ತಿನ್ನುವಾಗ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಅದಕ್ಕೆ ಬಾಯಿಗೆ ಬಟ್ಟೆ ಮಾತ್ರ ಕಟ್ಟುವುದು. ಬಿಗಿ ಮುಚ್ಚಳ ಹಾಕಿದರೆ ಗಾಜಿನ ಬಾಟಲಿ ಸಿಡಿಯುತ್ತದೆ. ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವುವುದು, ಇಪ್ಪತ್ತೊಂದು ದಿನ. ಆಮೇಲೆ ಸೋಸಿ, ಗಾಳಿ ತಾಗದಂತೆ ಬಾಟಲಿಗೆ ತುಂಬಿ ಕತ್ತಲಲ್ಲಿಡುವುದು. ಆಗ ಗಾಳಿ ಸೇರಿದರೆ ವೈನ್ ವಿನೆಗರ್ ಆಗುತ್ತದೆ. ಬಣ್ಣ ಗಾಢ ಬೇಕಿದ್ದರೆ ಸಕ್ಕರೆ ಸುಟ್ಟು ಸೇರಿಸುವುದು. ದೊಡ್ಡ ವೈನರಿಯವರು ಸ್ಟೀಲ್ ಟ್ಯಾಂಕಿನ ಶಾಖವನ್ನು ಯಂತ್ರದಲ್ಲಿ ಹಿಡಿದಿಡುತ್ತಾರೆ. ಅಮ್ಮಚ್ಚಿ ನವೆಂಬರಿನ ಚಳಿಯಲ್ಲಿ ಭರಣಿಯನ್ನು ಬಚ್ಚಲೊಲೆಯ ಆಚೆ ಗೋಡೆಗೆ ಒರಗಿಸಿ ಇಡುತ್ತಾರೆ. ಒಲೆಗೆ ತೀರಾ ಹತ್ತಿರ ಇಟ್ಟರೂ ಕೆಡುತ್ತದೆ, ದೂರ ಇಟ್ಟರೆ ಹುಳಿಯೇ ಏಳುವುದಿಲ್ಲ. ಎಷ್ಟು ದೂರ ಅಂತ ಕೇಳಿದರೆ ಗೋಡೆ ಮುಟ್ಟಿ ತೋರಿಸುತ್ತಾರೆ. ಅಳತೆ ಅವರ ಅಂಗೈಯಲ್ಲಿದೆ.

ದ್ರಾಕ್ಷಿಯೇ ಆಗಬೇಕು ಅಂತಿಲ್ಲ. ಅನಾನಸ್ಸಿನದು ಬೇಗ ಆಗುತ್ತದೆ. ಪನ್ನೇರಳೆಯದು ಗುಲಾಬಿ ವಾಸನೆ ಬರುತ್ತದೆ. ಕಾಡು ನೇರಳೆ, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ, ಜೀರಿಗೆ ಮೆಣಸು ಕೂಡ ಭರಣಿಗೆ ಇಳಿದಿವೆ. ಜೀರಿಗೆ ಮೆಣಸಿನದನ್ನು ನಾವು ಒಂದು ಗುಟುಕು ರುಚಿ ನೋಡಿ ಹೊರಗೆ ಎದ್ದು ಹೋಗಿ ನೀರು ಕುಡಿದೆವು, ಅಷ್ಟೇ ಹೇಳಬಲ್ಲೆವು. ಶರಬತ್ತು ಹಣ್ಣಿನದು ಮಾತ್ರ ನಮ್ಮ ಲೆಕ್ಕದಲ್ಲಿ ಎಲ್ಲದಕ್ಕಿಂತ ಮೇಲೆ. ಈಗ ಈ ಕೆಲಸ ಕ್ರೈಸ್ತರ ಮನೆಗೆ ಮಾತ್ರ ಸೀಮಿತವಲ್ಲ. ಅಮ್ಮಚ್ಚಿಯಂಥವರ ಕೈಯಿಂದ ಅಕ್ಕಪಕ್ಕಕ್ಕೆ ದಾಟಿ, ಕೊಪ್ಪ ಕಡೆಯ ಒಕ್ಕಲಿಗರ ಮನೆ, ಸ್ವಸಹಾಯ ಸಂಘದ ಹೆಂಗಸರು, ಹೋಂ ಸ್ಟೇಯವರು ಎಲ್ಲರ ಅಡುಗೆ ಮನೆಗೂ ಬಂದಿದೆ.

ತೊಡಕು ಇರುವುದು ಇಲ್ಲಿ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ವೈನೂ ಮದ್ಯವೇ. ಮಾರಿದರಂತೂ ಕೇಳುವುದೇ ಬೇಡ. ಭಟ್ಟಿ ಇಳಿಸುವವನ ಮೇಲೂ, ಮೊಮ್ಮಕ್ಕಳಿಗೆ ಕೇಕಿನ ಜೊತೆ ಎರಡು ಗುಟುಕು ಕೊಡಲು ಭರಣಿ ಹಾಕಿದ ಅಮ್ಮಚ್ಚಿಯ ಮೇಲೂ ಬರುವುದು ಅದೇ ಕಾಯ್ದೆ. ಕೇರಳದಲ್ಲೂ 2019ರ ಡಿಸೆಂಬರಿನಲ್ಲಿ ಅಬಕಾರಿಯವರು ಮನೆ ವೈನ್ ಅಪರಾಧ ಅಂತ ಎಚ್ಚರಿಕೆ ಕೊಟ್ಟಿದ್ದರು. ಆಗ ಅಮ್ಮಚ್ಚಿಯ ನೆಂಟರು ಅಲ್ಲಿಂದ ಫೋನ್ ಮಾಡಿ ‘ನೀವೂ ಜಾಗ್ರತೆ’ ಅಂದರಂತೆ.

ಹಾಗಂತ ನಮ್ಮ ಸರ್ಕಾರ ವೈನಿಗೆ ವಿರೋಧ ಅಂದುಕೊಳ್ಳಬೇಡಿ. 2007ರಲ್ಲಿ ಎರಡು ಕೆಲಸ ಒಟ್ಟಿಗೆ ಆದವು. ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದೇ ವರ್ಷ ‘ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ’ ಬಂತು. ವೈನನ್ನು ಹೆಂಡದ ಜೊತೆ ಸೇರಿಸಬೇಡಿ, ಅದು ತೋಟಗಾರಿಕೆ, ರೈತನಿಗೆ ಲಾಭ ಅನ್ನುವುದು ಅದರ ತಾತ್ಪರ್ಯ. ವೈನ್ ಮಂಡಳಿ ಬಂತು, ಬೆಂಗಳೂರಿನಲ್ಲಿ ದ್ರಾಕ್ಷಿ ಮತ್ತು ವೈನ್ ಉತ್ಸವಗಳು ನಡೆದವು. ಸರ್ಕಾರದ ಲೆಕ್ಕದಲ್ಲಿ ನಂದಿ ಕಣಿವೆ, ಕೃಷ್ಣಾ ಕಣಿವೆ ವೈನಿನ ಸೀಮೆಗಳು. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ 1988ರಲ್ಲೇ ಗ್ರೋವರ್ ಕುಟುಂಬ ಫ್ರಾನ್ಸಿನ ತಳಿ ನೆಟ್ಟಿತ್ತು. ಅಲ್ಲಿನ ಕೆಂಪು ವೈನ್ ಹೊರದೇಶಕ್ಕೂ ಹೋಗುತ್ತದೆ. ಹಂಪಿಯ ಹತ್ತಿರದ ಗುಡ್ಡಗಳಲ್ಲೂ ಒಂದು ವೈನರಿ ಹೆಸರು ಮಾಡಿದೆ. ಒಳ್ಳೆಯದೇ. ಆದರೆ ನೀತಿಯ ಹೆಸರಿನಲ್ಲೇ ದ್ರಾಕ್ಷಿ ಇದೆ ನೋಡಿ. ತುಂಗೆ ಭದ್ರೆಯರ ಕಣಿವೆಯಲ್ಲಿ ಪನ್ನೇರಳೆ ಆರಿಸಿ ವರ್ಷಕ್ಕೆ ಐವತ್ತು ಲೀಟರ್ ಮಾಡುವ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ ಅದು.

ಈಗ ಇದನ್ನೆಲ್ಲ ಯಾಕೆ ಎತ್ತಬೇಕು ಅಂದರೆ, ಅಡಿಕೆ. ಶೃಂಗೇರಿ, ಕೊಪ್ಪ, ಎನ್.ಆರ್.ಪುರದಲ್ಲಿ ಹಳದಿ ಎಲೆ ರೋಗ ತಿಂದ ತೋಟಗಳನ್ನು ನೋಡಿದವರಿಗೆ ವಿವರಿಸುವುದು ಬೇಡ. ಅದಕ್ಕೆ ಬೋರ್ಡೋ ನಾಟುವುದಿಲ್ಲ, ಯಾವ ಮದ್ದೂ ನಾಟುವುದಿಲ್ಲ. ಮೇಲಿಂದ ಈಗ ಎಲೆಚುಕ್ಕಿ. ಎಕರೆಗೆ ಹತ್ತು ಕ್ವಿಂಟಾಲ್ ಸುಲಿಯುತ್ತಿದ್ದ ಮನೆಯವರು ಒಂದೆರಡಕ್ಕೆ ಇಳಿದದ್ದನ್ನು ನಾವೇ ವರದಿ ಮಾಡಿದ್ದೇವೆ. ಸಭೆಗಳಲ್ಲಿ ಎಲ್ಲರೂ ‘ಪರ್ಯಾಯ ಬೆಳೆ’ ಅನ್ನುತ್ತಾರೆ. ಅದೇ ಹೊತ್ತಿಗೆ ಅನಾನಸ್ ರೇಟು ಬಿದ್ದಾಗ ಹೊಲದಲ್ಲೇ ಕೊಳೆಯುತ್ತದೆ, ಶರಬತ್ತು ಹಣ್ಣು ಬೇಲಿ ಮೇಲೆ ಹಣ್ಣಾಗಿ ಬೀಳುತ್ತದೆ, ಪನ್ನೇರಳೆಯನ್ನು ಬಾವಲಿ ತಿನ್ನುತ್ತದೆ.

ಕೊಪ್ಪದ ಕಡೆಯ ಒಂದು ಸಂಘದ ಅಕ್ಕ ನಮ್ಮ ಎದುರು ಲೆಕ್ಕ ಹಾಕಿದರು. ಯಜಮಾನರ ಒಂದೂವರೆ ಎಕರೆ ತೋಟ ಹಳದಿಗೆ ಹೋಗಿದೆ. ಮಗಳು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಉಪ್ಪಿನಕಾಯಿ, ಹಪ್ಪಳ ಎಲ್ಲರೂ ಮಾಡುತ್ತಾರೆ, ಅದರಲ್ಲಿ ಸಿಗುವುದು ಅಷ್ಟಕ್ಕಷ್ಟೆ. ಶೃಂಗೇರಿಗೆ ಬಂದು ಹೋಂ ಸ್ಟೇಯಲ್ಲಿ ಉಳಿಯುವವರು ಕೇಳುವುದು ವೈನ್. ಮಡಿಕೇರಿಯಿಂದ ಮನೆ ವೈನಿನ ಬಾಟಲಿ ತಂದು ಅಭ್ಯಾಸ ಅವರಿಗೆ. ‘ಕದ್ದು ಮಾರೋದು ಬೇಡ ಮಾರಾಯ್ರೆ, ನಮಗೆ ಅದು ಆಗುದಿಲ್ಲ. ಬಾಟ್ಲಿ ಮೇಲೆ ಹೆಸರು ಹಾಕಿ ಮಾರ್ಲಿಕ್ಕೆ ಆಗ್ಬೇಕು’ ಅಂದರು. ಹೋದ ವರ್ಷ ಪಕ್ಕದ ಊರಿನಲ್ಲಿ ಯಾರೋ ತಪಾಸಣೆ ಅಂತ ಹಬ್ಬಿಸಿದ ಮಾತಿಗೆ ಹೆದರಿ, ಅವರು ಹದಿನೆಂಟು ಲೀಟರ್ ಕೊಟ್ಟಿಗೆಯ ಹಿಂದಿನ ಗುಂಡಿಗೆ ಸುರಿದಿದ್ದಾರೆ. ಯಾರೂ ಬರಲಿಲ್ಲ.

ಬೇರೆ ಕಡೆ ದಾರಿ ಹುಡುಕಿದ್ದಾರೆ. ನಮ್ಮಂತೆಯೇ ಮಳೆಯ ಗುಡ್ಡಗಾಡು ಮೇಘಾಲಯ. ಅಲ್ಲಿ ಮನೆಗಳಲ್ಲಿ ಮೊದಲಿಂದಲೂ ಹಣ್ಣಿನ ವೈನ್ ಮಾಡುತ್ತಿದ್ದರು, 2020ರಲ್ಲಿ ಸರ್ಕಾರ ಅದಕ್ಕೆ ಲೈಸೆನ್ಸ್ ಕೊಡಲು ನಿಯಮ ತಿದ್ದಿತು. ಕೇರಳ 2022ರಲ್ಲಿ ಸಣ್ಣ ವೈನರಿಗಳಿಗೆ ನಿಯಮ ತಂದಿತು. ತಮ್ಮ ರಾಜ್ಯದ ಹಣ್ಣುಗಳಿಂದ ಕಡಿಮೆ ಆಲ್ಕೋಹಾಲಿನ ವೈನ್ ಮಾಡಲು. ಅಲ್ಲಿನ ಕೃಷಿ ವಿಶ್ವವಿದ್ಯಾಲಯವೇ ಬಾಳೆ, ಅನಾನಸ್, ಗೇರುಹಣ್ಣಿನ ವೈನ್ ಮಾಡಿ ತೋರಿಸಿದೆ. ಅಮ್ಮಚ್ಚಿಯ ನೆಂಟರಿಗೆ ಈಗ ಅರ್ಜಿ ಹಾಕಲು ಒಂದು ಕಚೇರಿಯಾದರೂ ಇದೆ.

ಇದಕ್ಕೆ ಎದುರು ಮಾತು ಇಲ್ಲ ಅಂತಲ್ಲ. ಜಯಪುರ ಕಡೆಯ ಒಂದು ಸಂಘದ ಸಭೆಯಲ್ಲಿ ಈ ವಿಷಯ ಎತ್ತಿದಾಗ ಒಬ್ಬ ಹೆಂಗಸು ಎದ್ದು ನಿಂತು, ‘ನನ್ನ ಗಂಡ ಕುಡಿದೇ ಸತ್ತದ್ದು. ನೀವು ಅದನ್ನೇ ನಮ್ಮ ಕೈಯಲ್ಲಿ ಮಾಡಿಸ್ತೀರ?’ ಅಂತ ಕೇಳಿದರು. ಸಭೆ ಅಲ್ಲಿಗೇ ನಿಂತಿತು. ಅವರಿಗೆ ಉತ್ತರ ಕೊಡುವ ಧೈರ್ಯ ಯಾರಿಗೂ ಬರಲಿಲ್ಲ, ನಮಗೂ ಇರಲಿಲ್ಲ. ಹತ್ತೋ ಹನ್ನೆರಡೋ ಪರ್ಸೆಂಟಿನ ವೈನೂ ಹೆಚ್ಚಾದರೆ ಅಮಲೇ, ಚಟವೇ. ವೈನ್ ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳಿ ಮಾರುವವರ ಮಾತನ್ನು ನಾವು ನಂಬುವುದಿಲ್ಲ. ಆದರೆ ಊರಿಗೆ ಎರಡು ಕಡೆ ಲೈಸೆನ್ಸ್ ಪಡೆದ ಅಂಗಡಿಯಲ್ಲಿ ವಿಸ್ಕಿ ಸಿಗುವಾಗ, ಕಿರಾಣಿ ಅಂಗಡಿಯ ಹಿಂದೆ ಕದ್ದು ಪ್ಯಾಕೆಟ್ ಸಿಗುವಾಗ, ಭಯಪಟ್ಟು ಭರಣಿ ಸುರಿಯುವವರು ಈ ಅಕ್ಕ ಒಬ್ಬರೇ ಅನ್ನುವುದು ನಮಗೆ ನುಂಗಲಾಗುವುದಿಲ್ಲ.

ಅಮ್ಮಚ್ಚಿಯ ಸೊಸೆ ಈ ಕೆಲಸ ಕಲಿತಿಲ್ಲ. ‘ಕೇಸು ಗೀಸು ಯಾಕೆ, ಅಂಗಡಿಯಿಂದ ಒಂದು ಬಾಟ್ಲಿ ತಂದರೆ ಆಯ್ತು’ ಅನ್ನುತ್ತಾರೆ. ಅವರ ಮಾತಿನಲ್ಲೂ ತಪ್ಪಿಲ್ಲ. ಎರಡು ಭರಣಿಯಲ್ಲಿ ಒಂದರಲ್ಲಿ ಈಗ ಮಾವಿನ ಮಿಡಿ ಹಾಕಿದ್ದಾರೆ. ಮಿಡಿ ಉಪ್ಪಿನಕಾಯಿ ಹಾಕಿದ ಭರಣಿಗೆ ಮತ್ತೆ ವೈನ್ ಹಾಕಲು ಬರುವುದಿಲ್ಲ, ಎಷ್ಟು ತೊಳೆದರೂ ಇಂಗಿನ ವಾಸನೆ ಹೋಗುವುದಿಲ್ಲ.

ಕೊಪ್ಪದ ಅಕ್ಕನಿಗೆ ಈ ಬರಹವನ್ನು ಹಾಕುವ ಮೊದಲು ಫೋನಿನಲ್ಲಿ ಓದಿ ಹೇಳಿದೆವು. ಊರಿನ ಹೆಸರು ಇಲ್ಲವಲ್ಲ ಅಂತ ಎರಡು ಸಲ ಕೇಳಿಕೊಂಡರು. ಆಮೇಲೆ, ‘ಅಲ್ಲ, ಕೇರಳದಲ್ಲಿ ಆ ಲೈಸೆನ್ಸಿಗೆ ಎಷ್ಟು ಕಟ್ಬೇಕಂತೆ? ಅದೊಂದು ವಿಚಾರಿಸಿ ಹೇಳಿ. ಶರಬತ್ತು ಹಣ್ಣು ಈ ಸಲ ಭಾರಿ ಕಚ್ಚಿದೆ’ ಅಂದರು. ವಿಚಾರಿಸುತ್ತಿದ್ದೇವೆ.